ಕಲೆಯೂ ಅಲ್ಲ, ವ್ಯಾಪಾರವೂ ಅಲ್ಲ ಅನ್ನುವ ಈ ಡಿಗ್ರಿಗೆ ಸೇರಬಹುದಾ?

ಪ್ರಶ್ನೆ: ಮೇಡಂ, ನಾನು ಶಾಲೆಯ ಕೊನೆಯ ವರ್ಷದಲ್ಲಿದ್ದೇನೆ. ಕೆಲವು ವರ್ಷಗಳಿಂದ ಒಂದು ನಾಟಕ ತಂಡದ ಜೊತೆ ಓಡಾಡುತ್ತಿದ್ದೇನೆ. ನಟನೆ ನನಗೆ ಅಷ್ಟಾಗಿ ಬರುವುದಿಲ್ಲ. ಪೋಸ್ಟರ್ ಮಾಡಿಸುವುದು, ಟಿಕೆಟ್ ಮಾರುವುದು, ಲೈಟಿನವರ ಜೊತೆ ಮಾತಾಡುವುದು, ಖರ್ಚಿನ ಲೆಕ್ಕ ಇಡುವುದು, ಇವೆಲ್ಲ ನನ್ನ ಪಾಲಿಗೆ ಬಂದಿವೆ. ನನಗೆ ಈ ಕೆಲಸವೇ ಇಷ್ಟ. ಈಚೆಗೆ ಒಂದು ವಿಶ್ವವಿದ್ಯಾಲಯದಲ್ಲಿ ‘ಕ್ರಿಯೇಟಿವ್ ಅಂಡ್ ಕಲ್ಚರಲ್ ಇಂಡಸ್ಟ್ರೀಸ್’ ಅನ್ನುವ ಡಿಗ್ರಿ ಇರುವುದು ಗೊತ್ತಾಯಿತು. ಪಠ್ಯದಲ್ಲಿ ಸಾಂಸ್ಕೃತಿಕ ನೀತಿ, ಕಾಪಿರೈಟ್, ಪ್ರೇಕ್ಷಕರ ಅಧ್ಯಯನ, ಒಂದು ದೊಡ್ಡ ಪ್ರಾಜೆಕ್ಟ್ ಅಂತೆಲ್ಲ ಇದೆ. ‘ಇದಕ್ಕೆ ಕೆಲಸ ಸಿಗಲ್ಲ, ಬಿಸಿನೆಸ್ ಡಿಗ್ರಿ ಮಾಡು, ನಾಟಕ ರಜೆಯಲ್ಲಿ ಮಾಡಿಕೊ’ ಅನ್ನುತ್ತಾರೆ ಅಪ್ಪ. ‘ಕಲೆ ಕಲಿಯಬೇಕಿದ್ದರೆ ಕಲಾಶಾಲೆಗೆ ಹೋಗು, ಇದು ಅತ್ತ ಕಲೆಯೂ ಅಲ್ಲ, ಇತ್ತ ವ್ಯಾಪಾರವೂ ಅಲ್ಲ’ ಅನ್ನುತ್ತಾರೆ ನಮ್ಮ ನಿರ್ದೇಶಕರು. ಎಐ ಬಂದಮೇಲೆ ಈ ಕ್ಷೇತ್ರದಲ್ಲಿ ಕೆಲಸವೇ ಉಳಿಯಲ್ಲ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಓದಿಗೆ ಸಾಲ ಮಾಡಬೇಕಾಗಬಹುದು. ಏನು ಮಾಡಲಿ? ಅರ್ಜಿಯ ಜೊತೆ ಬರೆಯುವ ಪತ್ರದಲ್ಲಿ ‘ಚಿಕ್ಕಂದಿನಿಂದಲೂ ನನಗೆ ಕಲೆಯ ಹುಚ್ಚು’ ಅಂತ ಬರೆದರೆ ಸಾಕಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಓದಿದ ಮೇಲೆ ಹೊಟ್ಟೆಪಾಡು ಏನು? ಇಬ್ಬರು ಹಿರಿಯರೂ ಬೇಡ ಅಂದಮೇಲೆ ಹಟ ಹಿಡಿಯುವುದು ಸರಿಯಾ? ಮೂರನ್ನೂ ಬಿಡಿಸಿ ನೋಡೋಣ. ಅದಕ್ಕೂ ಮೊದಲು ಒಂದು ಮಾತು. ನಾನು ನಾಟಕ ಮತ್ತು ಉತ್ಸವಗಳ ನಿರ್ಮಾಣದ ಕೆಲಸ ಮಾಡಿಕೊಂಡಿದ್ದು, ಆಮೇಲೆ ಇದೇ ವಿಷಯ ಕಲಿಸಲು ಬಂದವಳು. ಈ ಕೋರ್ಸಿನ ಕಡೆ ನನಗೆ ಸ್ವಲ್ಪ ಒಲವು ಇದ್ದೇ ಇದೆ. ಅದನ್ನು ಗಮನದಲ್ಲಿಟ್ಟುಕೊಂಡು ಓದಿ.

ನಿಮ್ಮ ನಿರ್ದೇಶಕರು ಹೇಳಿದ್ದು ಅರ್ಧ ನಿಜ. ಈ ಡಿಗ್ರಿ ಓದಿದರೆ ನಟನೆ ಬರುವುದಿಲ್ಲ, ಚಿತ್ರ ಬಿಡಿಸಲು ಬರುವುದಿಲ್ಲ. ಕ್ಯಾಮೆರಾ ಹಿಡಿಯುವುದು ಅಲ್ಪಸ್ವಲ್ಪ ಬರಬಹುದು. ಕೈಯಲ್ಲಿ ಕಸುಬು ಬೇಕು ಅನ್ನುವವರಿಗೆ ಇದು ತಪ್ಪು ಜಾಗ. ಸಿನಿಮಾ ಮಾಡಲು ಕಲಿಸುತ್ತಾರೆ ಅಂದುಕೊಂಡು ಸೇರುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಮೊದಲ ಸೆಮಿಸ್ಟರ್‌ನಲ್ಲೇ ಸರ್ಕಾರದ ನೀತಿ ದಾಖಲೆ ಕೊಟ್ಟು, ಇದನ್ನು ಓದಿ ಪ್ರಬಂಧ ಬರೆಯಿರಿ ಅಂದಾಗ ಅವರ ಮುಖ ಸಪ್ಪಗಾಗುತ್ತದೆ. ತಪ್ಪು ಅವರದ್ದೊಂದೇ ಅಲ್ಲ. ಬ್ರೋಷರ್‌ಗಳಲ್ಲಿ ಬಣ್ಣ ಮೆತ್ತಿದ ಕೈ, ಹೆಡ್‌ಫೋನ್ ಹಾಕಿದ ಹುಡುಗಿ, ವೇದಿಕೆಯ ಬೆಳಕು ಇಂಥವೇ ಇರುತ್ತವೆ. ಸ್ಪ್ರೆಡ್‌ಶೀಟ್ ಎದುರು ತಲೆ ಕೆರೆದುಕೊಳ್ಳುವವರ ಫೋಟೊ ಯಾರೂ ಹಾಕುವುದಿಲ್ಲ.

ಹಾಗಾದರೆ ಅಲ್ಲಿ ಕಲಿಯುವುದೇನು? ಒಂದು ನಾಟಕ, ಪುಸ್ತಕ, ಗೇಮ್ ಅಥವಾ ಹಾಡು ತಯಾರಾಗಲು ಯಾರ್ಯಾರ ದುಡ್ಡು, ದುಡಿಮೆ, ಹಕ್ಕು ಸೇರುತ್ತವೆ. ಅದು ಜನರನ್ನು ಹೇಗೆ ಮುಟ್ಟುತ್ತದೆ. ಬಂದ ಹಣ ಯಾರ ಜೇಬಿಗೆ ಹೋಗುತ್ತದೆ. ನಷ್ಟವಾದರೆ ಯಾರ ತಲೆಗೆ ಬರುತ್ತದೆ. ಇಷ್ಟೇ. ಹೇಳಲು ಸುಲಭ. ಲೆಕ್ಕಕ್ಕೆ ಕೂತರೆ ಗೊತ್ತಾಗುತ್ತದೆ.

ಪ್ರದರ್ಶನ ಮುಗಿದ ರಾತ್ರಿ ಸಭಾಂಗಣದವರೂ ತಂಡದವರೂ ಕೂತು ಒಂದು ಲೆಕ್ಕ ಮಾಡುತ್ತಾರೆ. ನಾವು ಅದಕ್ಕೆ ಸೆಟಲ್‌ಮೆಂಟ್ ಶೀಟ್ ಅನ್ನುತ್ತೇವೆ. ಮೊದಲ ವರ್ಷದ ತರಗತಿಯಲ್ಲಿ ನಾನು ಒಂದು ಕಾಲ್ಪನಿಕ ನಾಟಕದ ಶೀಟ್ ಹಂಚುತ್ತೇನೆ. 150 ಸೀಟಿನ ಸಭಾಂಗಣ, 120 ಜನ ಬಂದಿದ್ದಾರೆ, ತಂಡಕ್ಕೆ ಎಷ್ಟು ಉಳಿಯಿತು? ಎಲ್ಲರೂ ತಕ್ಷಣ 120ನ್ನು ಟಿಕೆಟ್ ದರದಿಂದ ಗುಣಿಸುತ್ತಾರೆ. ಆಮೇಲೆ ಒಂದೊಂದೇ ಸಾಲು ಓದುತ್ತೇವೆ. ಆ 120ರಲ್ಲಿ 18 ಜನ ಪಾಸ್ ಹಿಡಿದು ಬಂದವರು. 30 ಜನ ವಿದ್ಯಾರ್ಥಿಗಳು, ಅವರಿಗೆ ಅರ್ಧ ದರ. ಟಿಕೆಟ್ ಮಾರಿದ ಆ್ಯಪ್ ತನ್ನ ಕಮಿಷನ್ ಹಿಡಿದುಕೊಂಡಿದೆ. ಬಾಡಿಗೆಯ ಒಪ್ಪಂದದಲ್ಲಿ ‘ನಿಗದಿತ ಮೊತ್ತ ಅಥವಾ ಗಳಿಕೆಯಲ್ಲಿ ಇಷ್ಟು ಪಾಲು, ಯಾವುದು ಜಾಸ್ತಿಯೋ ಅದು’ ಅಂತ ಬರೆದಿದೆ. ನಾಟಕಕಾರರ ರಾಯಲ್ಟಿ, ಅಂದರೆ ನಾಟಕ ಆಡಿದ್ದಕ್ಕೆ ಬರೆದವರಿಗೆ ಸಲ್ಲುವ ಪಾಲು, ಇದೆ. ಲೈಟು, ಸೌಂಡಿನವರ ಸಂಬಳ ಇದೆ. ಜನ ಒಳಗೆ ಬಂದು ಕೂರುವಾಗ ಹಾಕಿದ್ದ ಹಾಡಿನ ಲೈಸೆನ್ಸ್ ಇದೆ. ಪರದೆ ಬಿದ್ದ ಮೇಲೆ ಸೆಟ್ ಕಳಚಿ ಗಾಡಿಗೆ ತುಂಬಲು ಹಿಡಿದ 3 ಗಂಟೆಯ ಓವರ್‌ಟೈಮ್ ಇದೆ.

ಕೊನೆಯ ಎರಡು ಸಾಲುಗಳನ್ನು ಹೆಚ್ಚಿನವರು ಊಹಿಸಿಯೇ ಇರುವುದಿಲ್ಲ. ‘ಹಾಡು ಸುಮ್ನೆ ಹಿನ್ನೆಲೆಗೆ ಹಾಕಿದ್ದು ಅಲ್ವಾ, ಅದಕ್ಕೂ ದುಡ್ಡಾ?’ ಅನ್ನುತ್ತಾರೆ. ಹೌದು, ಸಾಮಾನ್ಯವಾಗಿ ಅದಕ್ಕೂ ದುಡ್ಡು. ರಾಯಲ್ಟಿಯ ಸಾಲಿಗೆ ಬಂದಾಗ ಗಲಾಟೆ ಶುರುವಾಗುತ್ತದೆ. ಅದನ್ನು ಹೆಚ್ಚಾಗಿ ಒಟ್ಟು ಟಿಕೆಟ್ ಗಳಿಕೆಯ ಮೇಲೆ ಲೆಕ್ಕ ಹಾಕುತ್ತಾರೆ, ಖರ್ಚು ಕಳೆದು ಉಳಿದ ಲಾಭದ ಮೇಲಲ್ಲ. ಹಾಗಾಗಿ ತಂಡ ಕೈಯಿಂದ ದುಡ್ಡು ಕಳೆದುಕೊಂಡ ರಾತ್ರಿಯೂ ನಾಟಕಕಾರರಿಗೆ ಹಣ ಸಂದಾಯವಾಗುತ್ತದೆ. ಇದು ನ್ಯಾಯವಾ? ಟಿಕೆಟ್ ಮಾರುವುದು ಬರೆದವರ ಕೈಯಲ್ಲಿಲ್ಲ, ನಷ್ಟ ಅವರು ಯಾಕೆ ಹೊರಬೇಕು ಅನ್ನುತ್ತಾರೆ ಕೆಲವರು. ನಟರು ಪುಕ್ಕಟೆ ದುಡಿದಿದ್ದಾರಲ್ಲ, ಅವರ ಪಾಲೆಲ್ಲಿ ಅನ್ನುತ್ತಾರೆ ಇನ್ನು ಕೆಲವರು. ಆ ಜಗಳ ಗಂಟೆ ಹೊಡೆದರೂ ಮುಗಿಯುವುದಿಲ್ಲ.

ಆ ಹಾಳೆಯ ಒಂದೊಂದು ಸಾಲೂ ಈ ಡಿಗ್ರಿಯಲ್ಲಿ ಒಂದೊಂದು ಪೇಪರ್. ಹಾಡಿನ ಸಾಲು ಕಾಪಿರೈಟ್ ಪೇಪರ್. ಓವರ್‌ಟೈಮ್ ಸಾಲು ಕಲೆಯಲ್ಲಿ ದುಡಿಮೆ ಅನ್ನುವ ಪೇಪರ್. ವಿದ್ಯಾರ್ಥಿಗಳ ಅರ್ಧ ದರ ಪ್ರೇಕ್ಷಕರ ಅಧ್ಯಯನ. ಖಾಲಿ ಉಳಿದ 30 ಸೀಟು ಮಾರ್ಕೆಟಿಂಗ್. ಇಷ್ಟೆಲ್ಲ ಕಳೆದು ನಷ್ಟವಾದರೂ ಇಂಥ ನಾಟಕ ಇರಬೇಕಾ, ಇರಬೇಕಾದರೆ ಆ ನಷ್ಟ ತುಂಬುವವರು ಯಾರು ಅನ್ನುವುದು ಸಾಂಸ್ಕೃತಿಕ ನೀತಿ. ನೀವು ಈಗಾಗಲೇ ಈ ಹಾಳೆಯ ಅರ್ಧ ಕೆಲಸ ಮಾಡುತ್ತಿದ್ದೀರಿ. ಅದಕ್ಕೇ ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಈಗ ಅಪ್ಪನ ಮಾತು. ‘ಕೆಲಸ ಸಿಗಲ್ಲ’ ಅನ್ನುವುದು ಸುಳ್ಳು. ಆದರೆ ಅವರ ಭಯ ಸುಳ್ಳಲ್ಲ. ಈ ಕ್ಷೇತ್ರದ ದುಡಿಮೆ ಯಾಕೆ ಇಷ್ಟು ಅಲುಗಾಡುತ್ತದೆ ಅನ್ನುವುದಕ್ಕೆ ಗಟ್ಟಿ ಕಾರಣಗಳಿವೆ. ಡಿಗ್ರಿಯ ಹೆಸರು ಬದಲಾಯಿಸಿದರೆ ಅವು ಹೋಗುವುದಿಲ್ಲ.

ಮೊದಲನೆಯದನ್ನು ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿ ವಿವರಿಸಿದರು. ಕಾರ್ಖಾನೆಯಲ್ಲಿ ಯಂತ್ರ ಸುಧಾರಿಸಿದಂತೆ ಒಬ್ಬ ಕಾರ್ಮಿಕ ಗಂಟೆಗೆ ಮಾಡುವ ವಸ್ತು ಹೆಚ್ಚುತ್ತದೆ, ಸಂಬಳವೂ ಏರುತ್ತದೆ. ನಾಲ್ಕು ಜನ ಸೇರಿ ಅರ್ಧ ಗಂಟೆ ನುಡಿಸಬೇಕಾದ ಸಂಗೀತಕ್ಕೆ ಮಾತ್ರ 200 ವರ್ಷದ ಹಿಂದೆಯೂ ನಾಲ್ಕು ಜನ, ಅರ್ಧ ಗಂಟೆ. ಇವತ್ತೂ ಅಷ್ಟೇ. ಮೂರೇ ಜನರಲ್ಲಿ ಮುಗಿಸಿ ಅನ್ನುವಂತಿಲ್ಲ, ಬೇಗ ಬೇಗ ನುಡಿಸಿ ಅನ್ನುವಂತೆಯೂ ಇಲ್ಲ. ಆದರೆ ಆ ನಾಲ್ವರೂ ಬದುಕುವುದು ಇವತ್ತಿನ ಖರ್ಚಿನಲ್ಲಿ. ಹೀಗಾಗಿ ಜೀವಂತ ಪ್ರದರ್ಶನದ ವೆಚ್ಚ ಸದಾ ಗಳಿಕೆಗಿಂತ ಮುಂದೆ ಓಡುತ್ತಿರುತ್ತದೆ. ಯಾರೋ ಒಬ್ಬರು ಆ ಅಂತರ ತುಂಬಬೇಕು: ಸರ್ಕಾರ, ದಾನಿ, ದುಬಾರಿ ಟಿಕೆಟ್, ಇಲ್ಲವೇ ಕಡಿಮೆ ಸಂಬಳಕ್ಕೆ ಒಪ್ಪಿದ ಕಲಾವಿದ. ಬಹಳಷ್ಟು ಸಲ ತುಂಬುವುದು ಕೊನೆಯವರೇ.

ಎರಡನೆಯ ಕಾರಣ, ಏನು ಓಡುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಾಗುವುದಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ರಿಚರ್ಡ್ ಕೇವ್ಸ್ 2000ದಲ್ಲಿ ಈ ಕ್ಷೇತ್ರದ ಲಕ್ಷಣಗಳನ್ನು ಪಟ್ಟಿ ಮಾಡಿದಾಗ ಇದನ್ನೇ ಮುಂದಿಟ್ಟರು. ಎಷ್ಟೇ ಅನುಭವಿಯಾದರೂ ಮುಂದಿನ ಹಿಟ್ ಯಾವುದು ಅಂತ ಹೇಳಲಾರರು. ಆದ್ದರಿಂದ ಪ್ರಕಾಶಕರು ಹಲವು ಪುಸ್ತಕ ಹಾಕಿ ಒಂದೆರಡು ಓಡಲಿ ಅಂತ ಕಾಯುತ್ತಾರೆ. ನಿರ್ಮಾಪಕರು ಕಾಯಂ ನೌಕರರನ್ನು ಇಟ್ಟುಕೊಳ್ಳದೆ ಪ್ರಾಜೆಕ್ಟಿಗೆ ಬೇಕಾದಷ್ಟು ಜನ ಸೇರಿಸಿ, ಮುಗಿದ ಮೇಲೆ ಕಳಿಸುತ್ತಾರೆ. ಕೆಲಸಗಾರರ ಕಡೆಯಿಂದ ನೋಡಿದರೆ, ಉದ್ಯಮದ ಅನಿಶ್ಚಿತತೆಯನ್ನು ಅವರ ಹೆಗಲಿಗೆ ದಾಟಿಸಿದ ಹಾಗಾಯಿತು. ಇದಕ್ಕೆ ಇನ್ನೊಂದು ಸೇರಿಸಿ. ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸೆನ್ 1981ರಲ್ಲಿ ತೋರಿಸಿದಂತೆ, ಒಂದೇ ಪ್ರದರ್ಶನ ರೆಕಾರ್ಡ್ ಆಗಿ ಎಲ್ಲರಿಗೂ ತಲುಪುವ ಕಡೆ ಸ್ವಲ್ಪವೇ ಹೆಚ್ಚು ಪ್ರತಿಭೆ ಇರುವವರಿಗೆ ವಿಪರೀತ ಹೆಚ್ಚು ಹಣ ಹೋಗುತ್ತದೆ. ಪಟ್ಟಿಯ ತುದಿಯಲ್ಲಿರುವ ಕೆಲವರ ಆದಾಯ ಕಂಡು ಸಾವಿರಾರು ಜನ ಒಳಗೆ ನುಗ್ಗುತ್ತಾರೆ. ನುಗ್ಗುವವರು ಹೆಚ್ಚಿದಷ್ಟೂ ಕೆಳಗಿನವರ ಕೂಲಿ ಇಳಿಯುತ್ತದೆ.

ಕೆಲವು ದೇಶಗಳು ಇದಕ್ಕೆ ಮದ್ದು ಹುಡುಕಿವೆ. ಫ್ರಾನ್ಸಿನಲ್ಲಿ ಪ್ರದರ್ಶನ ಕಲೆ ಮತ್ತು ಸಿನಿಮಾದಲ್ಲಿ ಬಿಡಿ ಬಿಡಿಯಾಗಿ ದುಡಿಯುವವರು 12 ತಿಂಗಳಲ್ಲಿ 507 ಗಂಟೆ ಕೆಲಸ ತೋರಿಸಿದರೆ ಕೆಲಸವಿಲ್ಲದ ದಿನಗಳಿಗೆ ನಿರುದ್ಯೋಗ ಭತ್ಯೆ ಸಿಗುತ್ತದೆ. ಐರ್ಲೆಂಡ್ 2022ರಲ್ಲಿ 2000 ಕಲಾವಿದರಿಗೆ ವಾರಕ್ಕೆ 325 ಯೂರೊ ಕೊಡುವ ಪ್ರಯೋಗ ಆರಂಭಿಸಿತು. ಹೆಚ್ಚಿನ ಕಡೆ ಇಂಥದ್ದೇನೂ ಇಲ್ಲ. ಇದನ್ನೆಲ್ಲ ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಬಿಸಿನೆಸ್ ಡಿಗ್ರಿ ಓದಿ ಇದೇ ಕ್ಷೇತ್ರಕ್ಕೆ ಬಂದರೂ, ಕಲಾಶಾಲೆಯಲ್ಲಿ ಓದಿ ಬಂದರೂ, ಎದುರಾಗುವುದು ಇದೇ ನೆಲ. ಈ ಡಿಗ್ರಿಯಲ್ಲಿ ಅದರ ನಕ್ಷೆ ಮೊದಲೇ ಸಿಗುತ್ತದೆ ಅನ್ನುವುದಷ್ಟೇ ವ್ಯತ್ಯಾಸ.

ಹಾಗಾದರೆ ಕೆಲಸಗಳು ಎಲ್ಲಿವೆ? ಇಲ್ಲಿ ಒಂದು ತಪ್ಪು ಕಲ್ಪನೆ ಆಳವಾಗಿ ಬೇರೂರಿದೆ. ಕ್ರಿಯೇಟಿವ್ ಕೆಲಸ ಅಂದರೆ ಸಿನಿಮಾ, ಸಂಗೀತ, ನಾಟಕ ಕಂಪನಿಗಳಲ್ಲಿ ಮಾತ್ರ ಅಂದುಕೊಳ್ಳುತ್ತೇವೆ. ಆಸ್ಟ್ರೇಲಿಯಾದ ಸಂಶೋಧಕರು ಜನಗಣತಿಯ ಅಂಕಿ ಇಟ್ಟುಕೊಂಡು ತ್ರಿಶೂಲದಂಥ ಒಂದು ಮಾದರಿ ಮಾಡಿದರು. ಒಂದು ಮೊನೆಯಲ್ಲಿ ಕಲಾ ಸಂಸ್ಥೆಗಳೊಳಗಿನ ಕಲಾವಿದರು ಮತ್ತು ವಿನ್ಯಾಸಕರು. ಎರಡನೆಯದರಲ್ಲಿ ಅದೇ ಸಂಸ್ಥೆಗಳಲ್ಲಿ ಲೆಕ್ಕ, ಕಾನೂನು, ಆಡಳಿತ, ಮಾರಾಟ ನೋಡುವವರು. ಮೂರನೆಯದರಲ್ಲಿ ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ, ಸರ್ಕಾರಿ ಇಲಾಖೆಗಳೊಳಗೆ ಕೂತ ವಿನ್ಯಾಸಕರು, ಬರಹಗಾರರು, ವಿಡಿಯೊ ಮಾಡುವವರು. ಈ ಮೂರನೆಯ ಗುಂಪನ್ನು ಯಾರೂ ಎಣಿಕೆಗೆ ಹಿಡಿಯುತ್ತಿರಲಿಲ್ಲ. ಎಣಿಸಿದಾಗ ಅದು ಸಣ್ಣದಲ್ಲ ಅಂತ ಗೊತ್ತಾಯಿತು.

ನಿಮ್ಮಂಥವರಿಗೆ ಎರಡನೆಯ ಮೊನೆ ಮುಖ್ಯ. ಉತ್ಸವದ ಕಾರ್ಯಕ್ರಮ ಸಂಯೋಜಕರು, ನಿರ್ಮಾಣ ವ್ಯವಸ್ಥಾಪಕರು, ಮ್ಯೂಸಿಯಂನಲ್ಲಿ ಪ್ರೇಕ್ಷಕರನ್ನು ನೋಡಿಕೊಳ್ಳುವವರು, ಅನುದಾನದ ಅರ್ಜಿ ಬರೆಯುವವರು, ಪ್ರಕಾಶನದಲ್ಲಿ ಅನುವಾದದ ಹಕ್ಕು ಮಾರುವವರು, ಹಾಡುಗಳ ಲೈಸೆನ್ಸ್ ಕೊಡುವವರು. ಇವರ ಹೆಸರು ಪೋಸ್ಟರ್ ಮೇಲೆ ಬರುವುದಿಲ್ಲ. ನೆಂಟರಿಗೆ ಈ ಕೆಲಸವನ್ನು ವಿವರಿಸುವುದೂ ಕಷ್ಟ, ಅದನ್ನು ಅನುಭವದಿಂದ ಹೇಳುತ್ತೇನೆ. ಡಾಕ್ಟರಿಗೆ, ಲೆಕ್ಕಪರಿಶೋಧಕರಿಗೆ ಇರುವಂತೆ ಇಲ್ಲಿ ನೋಂದಣಿ, ಪರವಾನಗಿ ಯಾವುದೂ ಇಲ್ಲ. ಅಂದರೆ ಡಿಗ್ರಿ ಇದ್ದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ, ಇಲ್ಲದಿದ್ದರೆ ಮುಚ್ಚುವುದೂ ಇಲ್ಲ. ಮಾಡಿದ ಕೆಲಸ ತೋರಿಸಬೇಕು.

ನಿಮ್ಮ ನಿರ್ದೇಶಕರಿಗೆ ಇದು ‘ಅತ್ತವೂ ಅಲ್ಲ ಇತ್ತವೂ ಅಲ್ಲ’ ಅನ್ನಿಸಿದ್ದಕ್ಕೆ ಈ ವಿಷಯ ಹುಟ್ಟಿದ ರೀತಿಯೂ ಕಾರಣ. 1940ರ ದಶಕದಲ್ಲಿ ಥಿಯೊಡೋರ್ ಅಡೋರ್ನೊ ಮತ್ತು ಮ್ಯಾಕ್ಸ್ ಹಾರ್ಕ್‌ಹೈಮರ್ ಎಂಬ ಜರ್ಮನ್ ಚಿಂತಕರು ಸಿನಿಮಾ, ರೇಡಿಯೊಗಳನ್ನು ಕಾರ್ಖಾನೆಯ ಸರಕಿಗೆ ಹೋಲಿಸಿ ಕಟುವಾಗಿ ಟೀಕಿಸಿದರು. ಅರ್ಧ ಶತಮಾನ ಕಳೆದು 1998ರಲ್ಲಿ ಬ್ರಿಟನ್ ಸರ್ಕಾರ ಇದೇ ಕ್ಷೇತ್ರವನ್ನು ಆರ್ಥಿಕ ಬೆಳವಣಿಗೆಯ ದಾರಿ ಅಂತ ಕೊಂಡಾಡಿ, ಜಾಹೀರಾತು, ವಾಸ್ತುಶಿಲ್ಪ, ಸಂಗೀತ, ಪ್ರಕಾಶನ, ಕಂಪ್ಯೂಟರ್ ಗೇಮ್ ಎಲ್ಲ ಸೇರಿಸಿ 13 ವಲಯಗಳ ಪಟ್ಟಿ ಮಾಡಿತು. ಸಾಫ್ಟ್‌ವೇರ್ ಕೂಡ ಒಳಗೆ ಬಂತು, ಒಟ್ಟು ಮೊತ್ತ ಭರ್ಜರಿಯಾಗಿ ಕಂಡಿತು. ಮ್ಯೂಸಿಯಂ, ಗ್ರಂಥಾಲಯಗಳು ಆ 13ರಲ್ಲಿ ಇರಲಿಲ್ಲ. ಅಂಕಿ ಯಾರಿಗಾಗಿ ಮಾಡಿದ್ದು ಅಂತ ಇದರಿಂದಲೇ ಅರ್ಥವಾಗುತ್ತದೆ ಅಲ್ವಾ? 2001ರಲ್ಲಿ ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯ ‘ಕ್ರಿಯೇಟಿವ್ ಇಂಡಸ್ಟ್ರೀಸ್’ ಅನ್ನುವ ಹೆಸರಿನಲ್ಲೇ ಒಂದು ನಿಕಾಯ ತೆರೆಯಿತು. ಆಮೇಲೆ ಹಲವು ಕಡೆ ಕೋರ್ಸುಗಳು ಬಂದವು.

ಹೀಗಾಗಿ ಈ ವಿಭಾಗಗಳಲ್ಲಿ ಎರಡು ಬಗೆಯ ಮೇಷ್ಟ್ರು ಇರುತ್ತಾರೆ. ಒಬ್ಬರು ‘ಇದರಿಂದ ಲಾಭ ಯಾರಿಗೆ, ನಷ್ಟ ಯಾರಿಗೆ’ ಅಂತ ಕೇಳುತ್ತಾರೆ. ಇನ್ನೊಬ್ಬರು ‘ಇದನ್ನು ಓಡಿಸುವುದು ಹೇಗೆ’ ಅಂತ ಕೇಳುತ್ತಾರೆ. ಇಬ್ಬರೂ ಇರುವ ವಿಭಾಗಕ್ಕೆ ಸೇರಿ. ಮೊದಲನೆಯವರು ಮಾತ್ರ ಇದ್ದರೆ ಹೊರಬರುವಾಗ ಟೀಕೆ ಮಾಡಲು ಬರುತ್ತದೆ, ಒಂದು ಕಾರ್ಯಕ್ರಮ ಮಾಡಿಸಲು ಬರುವುದಿಲ್ಲ. ಎರಡನೆಯವರು ಮಾತ್ರ ಇದ್ದರೆ ಅದು ಬಣ್ಣ ಹಚ್ಚಿದ ಬಿಸಿನೆಸ್ ಡಿಗ್ರಿ. ಆಗ ಅಪ್ಪ ಹೇಳಿದ್ದೇ ಸರಿ, ನೇರವಾಗಿ ಬಿಸಿನೆಸ್ ಓದಬಹುದು.

ಎಐ ವಿಷಯದಲ್ಲಿ ನಿಮ್ಮ ಗೆಳೆಯರು ಪೂರ್ತಿ ತಪ್ಪಲ್ಲ. ಸಣ್ಣ ಪೋಸ್ಟರ್, ಉಪಶೀರ್ಷಿಕೆಯ ಮೊದಲ ಕರಡು, ಸೋಷಿಯಲ್ ಮೀಡಿಯಾದ ನಾಲ್ಕು ಸಾಲು, ಹಿನ್ನೆಲೆಗೆ ಬೇಕಾದ ಚಿತ್ರ. ಹೊಸಬರು ಒಳಗೆ ಬರುತ್ತಿದ್ದ ಮೆಟ್ಟಿಲುಗಳು ಇವೇ, ಈಗ ಅಲುಗಾಡುತ್ತಿರುವುದೂ ಇವೇ. ನನಗೆ ನಿಜಕ್ಕೂ ಚಿಂತೆ ಇರುವುದು ಇಲ್ಲಿ. ಮೊದಲ ಮೆಟ್ಟಿಲು ಹೋದರೆ ಎರಡನೆಯದಕ್ಕೆ ಹತ್ತುವವರು ಎಲ್ಲಿಂದ ಬರಬೇಕು?

ಇದೇ ಕಾಲದಲ್ಲಿ ಬೇರೆ ಬಗೆಯ ಕೆಲಸ ಹುಟ್ಟಿಕೊಳ್ಳುತ್ತಿದೆ. 2023ರಲ್ಲಿ ಹಾಲಿವುಡ್ ಬರಹಗಾರರು 148 ದಿನ, ನಟರು 118 ದಿನ ಮುಷ್ಕರ ಹೂಡಿದರು. ಸಂಬಳದ ಜೊತೆ ಎಐ ಕೂಡ ದೊಡ್ಡ ವಿಷಯವಾಗಿತ್ತು. ಬರಹಗಾರರಿಗೆ ಆ ವರ್ಷ ಆದ ಒಪ್ಪಂದದಂತೆ ಎಐ ಬಳಸಲೇಬೇಕು ಅಂತ ಕಂಪನಿ ಬಲವಂತ ಮಾಡುವಂತಿಲ್ಲ. ಬರಹಗಾರರ ಕೈಗೆ ಕೊಟ್ಟ ಸಾಮಗ್ರಿ ಎಐ ಬರೆದದ್ದಾದರೆ ಮೊದಲೇ ಹೇಳಬೇಕು. ನಟರ ಡಿಜಿಟಲ್ ಪ್ರತಿರೂಪ ಮಾಡಲು ಅವರ ಒಪ್ಪಿಗೆ ಬೇಕು, ಹಣವನ್ನೂ ಕೊಡಬೇಕು. ಯಾರು ಒಪ್ಪಿದರು, ಎಷ್ಟಕ್ಕೆ ಒಪ್ಪಿದರು, ಎಲ್ಲಿಯವರೆಗೆ? ಇವು ಒಪ್ಪಂದದ ಪ್ರಶ್ನೆಗಳು. ಒಪ್ಪಂದ ಓದಲು ಬರುವವರಿಗೆ ಮುಂದೆಯೂ ಕೆಲಸ ಇರುತ್ತದೆ ಅನ್ನುವುದು ನನ್ನ ಅಂದಾಜು.

ಅಂದಹಾಗೆ, ಎಲ್ಲಿ ಏನೇ ಓದಿ, ಒಪ್ಪಂದ ಓದುವುದನ್ನು ಮಾತ್ರ ಕಲಿಯಿರಿ. ನಿಮ್ಮ ತಂಡದ ಪೋಸ್ಟರ್ ಬರೆದುಕೊಟ್ಟವರ ಜೊತೆ ಏನಾದರೂ ಕಾಗದ ಆಗಿದೆಯಾ? ಕೃತಿ ತಯಾರಾದ ಕ್ಷಣವೇ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಕಿಲ್ಲ ಅನ್ನುವುದು ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದದ ಮೂಲ ನಿಯಮಗಳಲ್ಲೊಂದು. ಆ ಒಪ್ಪಂದ 1886ರಷ್ಟು ಹಳೆಯದು, ಜಗತ್ತಿನ ಬಹುಪಾಲು ದೇಶಗಳು ಅದರಲ್ಲಿವೆ. ಚಿತ್ರಕಾರರಿಗೆ ಬರುವ ಕರಾರಿನಲ್ಲಿ ಎಲ್ಲೋ ಮಧ್ಯದಲ್ಲಿ ‘ಎಲ್ಲ ಮಾಧ್ಯಮಗಳಲ್ಲಿ, ಎಲ್ಲ ದೇಶಗಳಲ್ಲಿ, ಶಾಶ್ವತವಾಗಿ’ ಅಂತ ಒಂದು ಸಾಲು ಇರುತ್ತದೆ. ಒಂದು ಪೋಸ್ಟರಿನ ದುಡ್ಡು ತೆಗೆದುಕೊಂಡು ಆ ಚಿತ್ರದ ಮುಂದಿನ ಗಳಿಕೆಯನ್ನೆಲ್ಲ ಬಿಟ್ಟುಕೊಡುವ ಸಾಲು ಅದು. ‘ಈ ನಾಟಕದ ಪ್ರಚಾರಕ್ಕೆ, 2 ವರ್ಷಕ್ಕೆ’ ಅಂತ ತಿದ್ದಿಸಿದರೆ ಆಯಿತು. ಕೇಳಿದರೆ ತಿದ್ದುವವರು ಇದ್ದಾರೆ. ಕೇಳುವವರು ಕಡಿಮೆ.

ಇನ್ನು ದಾರಿಗಳು. ನನ್ನ ಪ್ರಕಾರ ನಿಮ್ಮ ಮುಂದೆ ನಾಲ್ಕಿವೆ.

ನೇರವಾಗಿ ಈ ಡಿಗ್ರಿ ಸೇರುವುದು ಒಂದು. ನಿಮಗೆ ಈಗಾಗಲೇ ಕೈಯಲ್ಲಿ ಕೆಲಸ ಇರುವುದರಿಂದ ತರಗತಿಯ ಮಾತು ಗಾಳಿಯಲ್ಲಿ ತೇಲುವುದಿಲ್ಲ. ಓದುವಾಗಲೂ ಆ ಕೆಲಸ ಬಿಟ್ಟರೆ ಮಾತ್ರ ಅಪಾಯ. ಮೂರ್ನಾಲ್ಕು ವರ್ಷ ಬರೀ ಪ್ರಬಂಧ ಬರೆದು ಹೊರಬಂದವರಿಗೆ ಸಂದರ್ಶನದಲ್ಲಿ ತೋರಿಸಲು ಏನೂ ಇರುವುದಿಲ್ಲ. ನಿರ್ದೇಶಕರು ಹೇಳಿದ ‘ಅತ್ತವೂ ಅಲ್ಲ ಇತ್ತವೂ ಅಲ್ಲ’ ನಿಜವಾಗುವುದು ಅಂಥವರ ವಿಷಯದಲ್ಲಿ.

ಅಪ್ಪ ಹೇಳಿದಂತೆ ಬಿಸಿನೆಸ್ ಅಥವಾ ಲೆಕ್ಕಶಾಸ್ತ್ರ ಓದಿ, ನಾಟಕದ ಕೆಲಸ ಜೊತೆಗೇ ಇಟ್ಟುಕೊಂಡು, ಆಮೇಲೆ ಬೇಕಾದರೆ ಇದರಲ್ಲಿ ಸ್ನಾತಕೋತ್ತರ ಮಾಡುವುದು ಎರಡನೆಯದು. ಇದನ್ನು ಕೀಳಾಗಿ ನೋಡಬೇಡಿ. ಲೆಕ್ಕ ಬರುವವರನ್ನು ಕಲಾ ಸಂಸ್ಥೆಗಳು ಹುಡುಕುತ್ತಿರುತ್ತವೆ. ಸಾಲ ದೊಡ್ಡದಾಗುವ ಹಾಗಿದ್ದರೆ ನಾನೂ ಇದರ ಕಡೆಗೇ ವಾಲುತ್ತೇನೆ. ಇದರಲ್ಲೂ ಅಪಾಯ ಇದೆ, ಆದರೆ ಅದು ನಿಧಾನವಾಗಿ ಬರುತ್ತದೆ. ‘ರಜೆಯಲ್ಲಿ ನಾಟಕ’ ಅಂದುಕೊಂಡದ್ದು ಎರಡನೆಯ ವರ್ಷಕ್ಕೆ ತಿಂಗಳಿಗೊಮ್ಮೆ ಆಗುತ್ತದೆ. ಮೊದಲ ಸಂಬಳ ಬಂದಮೇಲೆ ನಿಂತೇ ಹೋಗುತ್ತದೆ.

ಕಲಾಶಾಲೆ ಮೂರನೆಯದು. ನಟನೆ ಬರಲ್ಲ ಅಂತ ನೀವೇ ಬರೆದಿದ್ದೀರಿ. ಆದರೆ ಕೆಲವು ಕಲಾಶಾಲೆಗಳಲ್ಲಿ ರಂಗ ನಿರ್ವಹಣೆ, ಬೆಳಕು, ಧ್ವನಿ, ನಿರ್ಮಾಣ ಇಂಥವಕ್ಕೂ ಕೋರ್ಸ್ ಇರುತ್ತವೆ. ತೆರೆಯ ಹಿಂದಿನ ತಾಂತ್ರಿಕ ಕೆಲಸ ಇಷ್ಟವಾದರೆ ಇದನ್ನು ಖಂಡಿತ ವಿಚಾರಿಸಿ. ಬಹಳ ಬೇಗ ದುಡಿಯಲು ಶುರುಮಾಡಬಹುದು. ಒಂದೇ ಕಸುಬಿಗೆ ಅಂಟಿಕೊಳ್ಳುವುದು, ದೇಹದ ದಣಿವು, ರಾತ್ರಿ ಪಾಳಿ ಇವುಗಳನ್ನೂ ಯೋಚಿಸಿ.

ನಾಲ್ಕನೆಯದು ಒಂದು ವರ್ಷ ಓದು ಬಿಟ್ಟು ಯಾವುದಾದರೂ ತಂಡದಲ್ಲಿ ಸೇರುವುದು. ಸಂಬಳ ಕೊಡುವುದಾದರೆ ಒಳ್ಳೆಯದು. ಕೊಡದಿದ್ದರೆ ಬೇಡ. ‘ಅನುಭವ ಸಿಗುತ್ತದೆ’ ಅಂತ ಪುಕ್ಕಟೆ ದುಡಿಸಿಕೊಳ್ಳುವುದು ಈ ಕ್ಷೇತ್ರದ ಹಳೆಯ ಚಾಳಿ. ಮನೆಯಿಂದ ಹಣ ಬರುವವರು ಮಾತ್ರ ಅದನ್ನು ತಡೆದುಕೊಳ್ಳಬಲ್ಲರು. ಕೊನೆಗೆ ಕ್ಷೇತ್ರದಲ್ಲಿ ಉಳಿಯುವವರೂ ಅವರೇ ಆಗುತ್ತಾರೆ.

ಮೊದಲನೆಯದನ್ನೇ ಆರಿಸಿದರೆ, ಹಣ ಕಟ್ಟುವ ಮೊದಲು ವಿಭಾಗಕ್ಕೆ ಕೆಲವು ಪ್ರಶ್ನೆ ಕೇಳಿ. ನಾಚಿಕೊಳ್ಳಬೇಡಿ, ಇದು ನಿಮ್ಮ ಸಾಲ. ವಿದ್ಯಾರ್ಥಿಗಳು ನಿಜವಾದ ಬಜೆಟ್ ಇಟ್ಟುಕೊಂಡು, ನಿಜವಾದ ಪ್ರೇಕ್ಷಕರ ಮುಂದೆ ಏನಾದರೂ ಮಾಡುತ್ತಾರಾ, ಅಥವಾ ಪ್ರಾಜೆಕ್ಟ್ ಅಂದರೆ ಬರೀ ವರದಿಯಾ? ಕಲಿಸುವವರಲ್ಲಿ ಈಗಲೂ ಕ್ಷೇತ್ರದಲ್ಲಿ ಕೆಲಸ ಮಾಡುವವರು ಎಷ್ಟು ಜನ? ಇಂಟರ್ನ್‌ಶಿಪ್‌ಗೆ ಸಂಬಳ ಇದೆಯಾ, ಜಾಗ ವಿಭಾಗವೇ ಹುಡುಕಿಕೊಡುತ್ತದಾ, ನೀವೇ ಹುಡುಕಿಕೊಳ್ಳಬೇಕಾ? ಕಾಪಿರೈಟ್ ಮತ್ತು ಹಣಕಾಸಿನ ಪೇಪರ್ ಕಡ್ಡಾಯವಾ, ಐಚ್ಛಿಕವಾ? ಐಚ್ಛಿಕ ಅಂದರೆ ಹೆಚ್ಚಿನವರು ತಪ್ಪಿಸಿಕೊಳ್ಳುತ್ತಾರೆ, ನಂಬಿ. ಓದಿ ಮುಗಿಸಿದವರು ಈಗೇನು ಮಾಡುತ್ತಿದ್ದಾರೆ ಅಂದಾಗ ಒಬ್ಬಿಬ್ಬರು ಪ್ರಸಿದ್ಧರ ಹೆಸರು ಹೇಳಿ ಸುಮ್ಮನಾದರೆ ಎಚ್ಚರ. ಕೊನೆಯ ವರ್ಷದವರನ್ನು ಮೇಷ್ಟ್ರು ಇಲ್ಲದಾಗ ಮಾತಾಡಿಸಿ. ಒಂದು ಶೋ ಮಾಡಿಸಿದ್ದರೆ ಅದರ ಲೆಕ್ಕದ ಹಾಳೆ ತೋರಿಸಿ ಅನ್ನಿ. ತೋರಿಸಲು ಹಾಳೆ ಇದ್ದರೆ ಆ ಕೋರ್ಸಿನ ಮೇಲೆ ನನಗೆ ಅರ್ಧ ನಂಬಿಕೆ ಬರುತ್ತದೆ.

ಅಪ್ಪನ ಜೊತೆ ಮಾತಾಡುವಾಗ ‘ಕಲೆ ನನ್ನ ಕನಸು’ ಅನ್ನಬೇಡಿ. ಅದಕ್ಕೆ ಅವರ ಬಳಿ ಉತ್ತರ ಸಿದ್ಧವಿದೆ. ಯಾವ ಕೆಲಸಕ್ಕೆ ಸೇರಲು ನೋಡುತ್ತಿದ್ದೀರಿ, ಅದಕ್ಕೆ ಕರೆದ ಜಾಹೀರಾತಿನಲ್ಲಿ ಏನೇನು ಕೇಳಿದ್ದಾರೆ, ಯಾವ ಪೇಪರ್ ಅದಕ್ಕೆ ಉಪಯೋಗ ಅಂತ ಐದಾರು ಜಾಹೀರಾತು ಇಟ್ಟುಕೊಂಡು ಕೂತುಕೊಳ್ಳಿ. ಸಾಲದ ವಿಷಯದಲ್ಲಿ ನನ್ನ ಅಳತೆ ಇಷ್ಟು: ಓದು ಮುಗಿದು ಎರಡು ವರ್ಷ ಬಿಟ್ಟು ಬಿಟ್ಟು ಕೆಲಸ ಸಿಕ್ಕರೂ ಕಂತು ಕಟ್ಟಲು ಆಗುತ್ತದಾ ಅಂತ ಇಬ್ಬರೂ ಕೂತು ಲೆಕ್ಕ ಹಾಕಿ. ಆಗುವುದಿಲ್ಲ ಅಂತ ಬಂದರೆ ಎರಡನೆಯ ದಾರಿ ಹಿಡಿಯಿರಿ, ಅದರಲ್ಲಿ ಸೋಲು ಏನೂ ಇಲ್ಲ.

ಕೊನೆಗೆ ಅರ್ಜಿಯ ಪತ್ರ. ಇಂಥ ಅರ್ಜಿಗಳನ್ನು ಓದುವವರಲ್ಲಿ ನಾನೂ ಒಬ್ಬಳು. ‘ಚಿಕ್ಕಂದಿನಿಂದಲೂ ಕಲೆಯ ಹುಚ್ಚು’ ಅನ್ನುವ ಸಾಲು ರಾಶಿಯಲ್ಲಿ ಮುಕ್ಕಾಲು ಪಾಲು ಪತ್ರಗಳಲ್ಲಿ ಇರುತ್ತದೆ ಅನ್ನಿಸಿಬಿಟ್ಟಿದೆ. ಅದನ್ನು ಬಿಡಿ. ನಿಮ್ಮ ತಂಡದ ಒಂದೇ ಒಂದು ಪ್ರದರ್ಶನ ಆರಿಸಿಕೊಳ್ಳಿ. ಎಷ್ಟು ಟಿಕೆಟ್ ಮಾರಿದಿರಿ, ಎಷ್ಟು ಉಳಿಯಿತು, ಯಾಕೆ ಉಳಿಯಿತು ಅಂತ ನಿಮಗೆ ಅನ್ನಿಸುತ್ತದೆ, ಮುಂದಿನ ಸಲ ಏನು ಬದಲಾಯಿಸಿದಿರಿ, ಅದರಿಂದ ಏನಾಯಿತು ಅಂತ ಬರೆಯಿರಿ. ನಷ್ಟವಾಗಿದ್ದರೆ ನಷ್ಟ ಅಂತಲೇ ಬರೆಯಿರಿ. ಕಳಿಸುವ ಮೊದಲು ನಿಮ್ಮ ನಿರ್ದೇಶಕರಿಗೆ ಒಮ್ಮೆ ಓದಲು ಕೊಡಿ. ಕೋರ್ಸ್ ಬಗ್ಗೆ ಅವರು ಏನೇ ಅನ್ನಲಿ, ಲೆಕ್ಕದಲ್ಲಿ ತಪ್ಪಿದ್ದರೆ ಅವರ ಕಣ್ಣಿಗೆ ಬೀಳುತ್ತದೆ.